ವಿಶ್ರಾಂತಿಯನ್ನು ಕಲಿಸಿದ, ವಿಶ್ರಾಂತಿ ಕಾಣದ ಗುರು: ಆರ್ಸ್‌ನ ಸಂತ ಜಾನ್ ಮರಿಯ ವಿಯಾನ್ನಿ

ಆಗಸ್ಟ್ 4ರಂದು ಧರ್ಮಸಭೆಯು ಧರ್ಮಕೇಂದ್ರದ ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬವನ್ನು ಆಚರಿಸುತ್ತದೆ. ಪಾಪನಿವೇದನೆಯ ಪೀಠದಲ್ಲಿ ದಿನಕ್ಕೆ 16 ಗಂಟೆ ಕುಳಿತ ಸಂತರೆಂದೇ ನಾವೆಲ್ಲ ಅವರನ್ನು ಬಲ್ಲೆವು. ಆದರೆ ಆ ಪೀಠದ ಮುಂದೆ ದೂರದೂರದ ಜನ ಸಾಲುಗಟ್ಟಿ ನಿಲ್ಲುವ ಮೊದಲು, ಒಂದು ಪುಟ್ಟ ಹಳ್ಳಿಯಲ್ಲಿ ಅವರು ವಾರದ ಒಂದು ದಿನಕ್ಕಾಗಿ ಅನೇಕ ವರ್ಷ ಹೆಣಗಾಡಿದರು ಎಂಬುದನ್ನು ನಾವು ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ. ಆ ದಿನವೇ ಭಾನುವಾರ, ಪ್ರಭುವಿನ ದಿನ. ಆ ಹೆಣಗಾಟದ ಹಾದಿಯಲ್ಲೇ ನಾವು ಈ ಸಂತರ ಬದುಕನ್ನು ಇಲ್ಲಿ ಅವಲೋಕಿಸೋಣ.

ಭಾನುವಾರವನ್ನು ಕಳೆದುಕೊಂಡ ನಾಡು

ಜಾನ್ ಮರಿಯ ವಿಯಾನ್ನಿಯವರು ಹುಟ್ಟಿದ್ದು 1786ರ ಮೇ 8ರಂದು, ಫ್ರಾನ್ಸ್ ದೇಶದ ಲಿಯೋನ್ ನಗರದ ಸಮೀಪದ ದಾರ್ದಿಯಿ ಎಂಬ ಹಳ್ಳಿಯಲ್ಲಿ. ತಂದೆ ಮಾತ್ಯೂ, ತಾಯಿ ಮರಿಯ. ಆರು ಮಂದಿ ಮಕ್ಕಳಲ್ಲಿ ಇವರು ನಾಲ್ಕನೆಯವರು. ರೈತ ಕುಟುಂಬ, ಕುರಿ ಮೇಯಿಸುವುದು, ಹೊಲದಲ್ಲಿ ಅಗೆಯುವುದು ಬಾಲಕನ ದಿನನಿತ್ಯದ ಕೆಲಸ. ದೈವಭಕ್ತಿಯಲ್ಲಿ ತಾಯಿಯೇ ಮೊದಲ ಗುರು.

ಅವರಿಗೆ ಮೂರು ವರ್ಷ ತುಂಬಿದ್ದಾಗ, 1789ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಧರ್ಮಗುರುಗಳು ಸರ್ಕಾರದ ಹೊಸ ಕಾನೂನಿಗೆ ಪ್ರಮಾಣ ಮಾಡಬೇಕೆಂದು ಒತ್ತಾಯ ಬಂತು. ಒಪ್ಪದವರು ದೇಶ ಬಿಟ್ಟರು, ಇಲ್ಲವೇ ತಲೆಮರೆಸಿಕೊಂಡರು. ಸಿಕ್ಕಿಬಿದ್ದ ಅನೇಕರು ಪ್ರಾಣ ತೆತ್ತರು. 1793ರಲ್ಲಿ ಕ್ರಾಂತಿಯ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಏಳು ದಿನಗಳ ವಾರವನ್ನೇ ತೆಗೆದುಹಾಕಿ ಹತ್ತು ದಿನಗಳ ಹೊಸ ವಾರವನ್ನು ಜಾರಿಗೆ ತಂದಿತು. ವಿಶ್ರಾಂತಿ ಇನ್ನು ಹತ್ತನೆಯ ದಿನಕ್ಕೆ. ಪಂಚಾಂಗದಲ್ಲಿ ಭಾನುವಾರ ಎಂಬ ಹೆಸರೇ ಇಲ್ಲವಾಯಿತು! 1798ರಲ್ಲಂತೂ ಆ ಹತ್ತನೆಯ ದಿನ ಅಂಗಡಿಗಳನ್ನು ಮುಚ್ಚುವುದು ಕಡ್ಡಾಯವಾಯಿತು. ಏಳು ದಿನಕ್ಕೊಮ್ಮೆ ಬರುತ್ತಿದ್ದ ಬಿಡುವು ಹತ್ತು ದಿನಕ್ಕೊಮ್ಮೆಯಾದಾಗ ನಷ್ಟವಾದದ್ದು ದೇವಾಲಯಕ್ಕೆ ಮಾತ್ರವಲ್ಲ, ದುಡಿಯುವ ಬಡವನ ಮೈಗೂ ಎಂಬುದನ್ನು ನಾವು ಗಮನಿಸಬೇಕು.

ವಿಯಾನ್ನಿ ಕುಟುಂಬ ತಲೆಮರೆಸಿಕೊಂಡಿದ್ದ ಗುರುಗಳ ಬಲಿಪೂಜೆಗೆ ರಾತ್ರಿಯ ಹೊತ್ತು ಗುಟ್ಟಾಗಿ ಹೋಗುತ್ತಿತ್ತು. 1799ರಲ್ಲಿ ಎಕ್ಯುಲಿ ಎಂಬ ಊರಿನ ಮನೆಯೊಂದರಲ್ಲಿ 13 ವರ್ಷದ ಜಾನ್ ಮರಿಯ ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸಿದರು. ಒಳಗೆ ಹಚ್ಚಿದ ಮೇಣದಬತ್ತಿಗಳ ಬೆಳಕು ಹೊರಗೆ ಕಾಣದಿರಲೆಂದು ಕಿಟಕಿಗಳ ಮುಂದೆ ಹುಲ್ಲಿನ ಬಂಡಿಗಳನ್ನು ನಿಲ್ಲಿಸಲಾಗಿತ್ತು. ಯಾರಿಗೂ ಸಂಶಯ ಬಾರದಿರಲೆಂದು ಗಂಡಸರು ಹುಲ್ಲು ಇಳಿಸುತ್ತಿದ್ದರು. ಹೊರಗೆ ದುಡಿಮೆಯ ತೋರಿಕೆ, ಒಳಗೆ ಆರಾಧನೆ. ದೇವರಿಗೆ ಮೀಸಲಾದ ಸಮಯಕ್ಕೆ ಎಷ್ಟು ಬೆಲೆ ಎಂಬುದನ್ನು ಈ ಬಾಲಕ ಕಲಿತದ್ದು ಹೀಗೆ.

ಅಡೆತಡೆಗಳ ನಡುವೆ ಗುರುದೀಕ್ಷೆ

ನೆಪೋಲಿಯನ್ ಮತ್ತು ಪೋಪ್ ಜಗದ್ಗುರುಗಳ ನಡುವೆ 1801ರಲ್ಲಿ ಒಪ್ಪಂದವಾಗಿ, 1802ರಲ್ಲಿ ದೇವಾಲಯಗಳ ಗಂಟೆಗಳು ಮತ್ತೆ ಬಹಿರಂಗವಾಗಿ ಮೊಳಗಿದವು. ಗುರುವಾಗಬೇಕೆಂಬ ಹಂಬಲದಿಂದ ಜಾನ್ ಮರಿಯ ಎಕ್ಯುಲಿಯ ಫಾದರ್ ಬಾಲ್ಲೆಯವರ ಬಳಿ ಓದಲು ಸೇರಿದರು. ಶಾಲೆಯ ಮುಖವನ್ನು ಸರಿಯಾಗಿ ಕಾಣದ ಯುವಕನಿಗೆ ಲತೀನ್ ಭಾಷೆ ಕಬ್ಬಿಣದ ಕಡಲೆಯಾಯಿತು. 1809ರಲ್ಲಿ ಸೈನ್ಯಕ್ಕೆ ಕರೆ ಬಂತು. ಕಾಯಿಲೆಯಿಂದಾಗಿ ದಂಡಿನಿಂದ ಹಿಂದುಳಿದ ಅವರು ಲೆ ನೋಎ ಎಂಬ ಬೆಟ್ಟದ ಹಳ್ಳಿಯಲ್ಲಿ ಅಡಗಿಕೊಂಡಿದ್ದು, 1810ರಲ್ಲಿ ಸಾರ್ವತ್ರಿಕ ಕ್ಷಮಾದಾನ ಘೋಷಣೆಯಾದ ಬಳಿಕವೇ ಮನೆಗೆ ಮರಳಿದರು. ಲಿಯೋನಿನ ಗುರುಮಠದಲ್ಲೂ ಪಾಠ ತಲೆಗೆ ಹತ್ತದೆ ಹೊರಬರಬೇಕಾಯಿತು. ಆದರೂ ಫಾದರ್ ಬಾಲ್ಲೆ ಕೈಬಿಡಲಿಲ್ಲ. ಕೊನೆಗೆ 1815ರ ಆಗಸ್ಟ್ 13ರಂದು ಗ್ರೆನೋಬ್ಲ್ ನಗರದಲ್ಲಿ, ತಮ್ಮ 29ನೆಯ ವಯಸ್ಸಿನಲ್ಲಿ, ಅವರು ಗುರುದೀಕ್ಷೆ ಪಡೆದರು. ಎರಡು ವರ್ಷ ಬಾಲ್ಲೆಯವರಿಗೇ ಸಹಾಯಕ ಗುರುವಾಗಿದ್ದರು.

ಕಾನೂನಿತ್ತು, ಭಾನುವಾರ ಇರಲಿಲ್ಲ

1818ರ ಫೆಬ್ರವರಿಯಲ್ಲಿ ಅವರನ್ನು ಆರ್ಸ್ ಎಂಬ ಹಳ್ಳಿಗೆ ಕಳುಹಿಸಲಾಯಿತು. ಲಿಯೋನಿನಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರ. ಜನಸಂಖ್ಯೆ ಸುಮಾರು 230. ಅಷ್ಟು ಸಣ್ಣ ಊರಿಗೆ ನಾಲ್ಕು ಹೆಂಡದಂಗಡಿಗಳು! ಆರ್ಸ್‌ನ ಜನ ಕೆಟ್ಟವರೇನಲ್ಲ, ದೇವರ ವಿರೋಧಿಗಳೂ ಅಲ್ಲ. ಕ್ರಾಂತಿಯ ಕಾಲದಲ್ಲಿ ಭಾನುವಾರದ ರೂಢಿ ತಪ್ಪಿಹೋಗಿತ್ತು, ಅಷ್ಟೇ. ಬೇಸಿಗೆಯ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಹೊಲಕ್ಕೆ, ಸಂಜೆ ಹೆಂಡದಂಗಡಿಗೆ ಅಥವಾ ಕುಣಿತಕ್ಕೆ. ಬಲಿಪೂಜೆಗೆ ಬರುವವರು ಬೆರಳೆಣಿಕೆಯಷ್ಟು.

ಇಲ್ಲಿ ಒಂದು ವಿಷಯ ಸ್ವಾರಸ್ಯಕರ. 1814ರ ನವೆಂಬರ್‌ನಲ್ಲೇ, ಅಂದರೆ ವಿಯಾನ್ನಿಯವರು ಆರ್ಸ್‌ಗೆ ಬರುವ ಮೂರು ವರ್ಷಗಳಿಗೂ ಮೊದಲೇ, ಭಾನುವಾರ ಸಾರ್ವಜನಿಕವಾಗಿ ಕೆಲಸ ಮಾಡಬಾರದೆಂದು ಫ್ರಾನ್ಸಿನಲ್ಲಿ ಕಾನೂನಾಗಿತ್ತು. ಕಾನೂನು ಕಿತ್ತುಕೊಂಡದ್ದನ್ನು ಕಾನೂನೇ ಮರಳಿ ಕೊಟ್ಟಿತ್ತು. ಆದರೆ ಹೊಲಗಳಲ್ಲಿ ಬಂಡಿಗಳು ಓಡಾಡುತ್ತಲೇ ಇದ್ದವು. ದಿನವನ್ನು ಸರ್ಕಾರ ಮರಳಿ ಕೊಡಬಲ್ಲದು. ಆ ದಿನವನ್ನು ಹಬ್ಬವಾಗಿ ಕಾಣುವ ಹೃದಯವನ್ನು ಕೊಡಲಾರದು. ಹೊಸ ಗುರುಗಳಿಗೆ ಇದು ಬೇಗನೆ ಅರ್ಥವಾಯಿತು.

ಅವರು ಮೊದಲು ಮಾಡಿದ್ದು ಪ್ರಾರ್ಥನೆ. ಊರು ಏಳುವ ಮುನ್ನವೇ ದೇವಾಲಯದಲ್ಲಿ ಮೊಣಕಾಲೂರುತ್ತಿದ್ದರು. ಗುರುನಿವಾಸದ ಒಳ್ಳೆಯ ಪೀಠೋಪಕರಣಗಳನ್ನು ಅವುಗಳ ಒಡತಿಯಾದ ಊರಿನ ಕೋಟೆಮನೆಯ ಮಹಿಳೆಗೆ ಹಿಂದಿರುಗಿಸಿದರು. ಬೇಯಿಸಿಟ್ಟ ಆಲೂಗಡ್ಡೆಯೇ ಎಷ್ಟೋ ದಿನಗಳ ಊಟ. ಆಮೇಲೆ ಮನೆಮನೆಗೆ ಹೋದರು. ಮಳೆ, ಬೆಳೆ, ಮಕ್ಕಳ ಯೋಗಕ್ಷೇಮ ವಿಚಾರಿಸಿದರು. ನೆನಪಿನ ಶಕ್ತಿ ಕಡಿಮೆಯಿದ್ದುದರಿಂದ ಭಾನುವಾರದ ಪ್ರಬೋಧನೆಯನ್ನು ಪೂರ್ತಿ ಬರೆದು ಬಾಯಿಪಾಠ ಮಾಡಲು ರಾತ್ರಿಗಳನ್ನೇ ಕಳೆಯುತ್ತಿದ್ದರು. ಭಾನುವಾರದ ದುಡಿಮೆ ಅವರ ಪ್ರಬೋಧನೆಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ವಿಷಯ. ಆ ದಿನ ದುಡಿದು ಗಳಿಸಿದ್ದರಿಂದ ಯಾರೂ ಉದ್ಧಾರವಾಗುವುದಿಲ್ಲ, ಆ ದಿನ ದೇವರ ಸೊತ್ತು ಎಂಬುದು ಅವರ ವಾದ.

ಸುಗ್ಗಿಯ ಒಂದು ಭಾನುವಾರ ಹೊಲದಿಂದ ಬಂಡಿ ಹೊಡೆದುಕೊಂಡು ಬರುತ್ತಿದ್ದ ರೈತನೊಬ್ಬ ಗುರುಗಳನ್ನು ಕಂಡು ಬಂಡಿಯ ಹಿಂದೆ ಅಡಗಿದನೆಂದೂ, ತನ್ನಿಂದ ಅಡಗಿದರೂ ದೇವರಿಂದ ಅಡಗಲಾಗದೆಂದು ಗುರುಗಳು ನೊಂದು ನುಡಿದರೆಂದೂ ಅವರ ಜೀವನಚರಿತ್ರೆ ಹೇಳುತ್ತದೆ. ಮತ್ತೊಂದು ಭಾನುವಾರ, ಮಾಗಿದ ಪೈರು ಹೊಲದಲ್ಲಿರುವಾಗ ಮೋಡ ಕವಿದು ಗಾಳಿ ಎದ್ದಿತಂತೆ. ಯಾರೂ ಹೊಲಕ್ಕೆ ಹೋಗಬೇಡಿ, ಬೆಳೆ ತರಲು ಬೇಕಾದಷ್ಟು ಒಳ್ಳೆಯ ದಿನಗಳು ಬರುತ್ತವೆ ಎಂದು ಅವರು ಪ್ರಬೋಧನೆಯಲ್ಲಿ ಭರವಸೆಯಿತ್ತರು. ಮಳೆ ಬಾರದೆ ಹಾದುಹೋಯಿತು. ಇದನ್ನು ಪವಾಡವೆಂದು ಓದುವವರಿದ್ದಾರೆ. ಆದರೆ ನಾವು ಆ ರೈತರ ಕಡೆಯಿಂದಲೂ ಇದನ್ನು ನೋಡಬೇಕು. ವರ್ಷದ ಅನ್ನ ಹೊಲದಲ್ಲಿ ನಿಂತಿರುವಾಗ, ಮಳೆ ತಲೆಯ ಮೇಲಿರುವಾಗ ಕೈಕಟ್ಟಿ ಕೂರುವುದು ಸಣ್ಣ ಮಾತಲ್ಲ. ಸಬ್ಬತ್ ಎಂದರೆ ಇದೇ: ನನ್ನ ಬದುಕು ನನ್ನ ದುಡಿಮೆಯೊಂದರ ಮೇಲೆಯೇ ನಿಂತಿಲ್ಲ ಎಂದು ಕೈಬಿಚ್ಚಿ ಒಪ್ಪಿಕೊಳ್ಳುವುದು. ವಿಶ್ರಾಂತಿಗೂ ವಿಶ್ವಾಸ ಬೇಕು.

ಬಿಡುಗಡೆಯ ದಿನ

ಪವಿತ್ರ ಬೈಬಲ್ ಸಬ್ಬತ್ತಿಗೆ ಎರಡು ಕಾರಣಗಳನ್ನು ಕೊಡುತ್ತದೆ. ವಿಮೋಚನಕಾಂಡದಲ್ಲಿ ದೇವರು ಸೃಷ್ಟಿಕಾರ್ಯ ಮುಗಿಸಿ ಏಳನೆಯ ದಿನ ವಿಶ್ರಮಿಸಿದ ಕಾರಣ. ಧರ್ಮೋಪದೇಶಕಾಂಡದಲ್ಲಿ ಇಸ್ರಯೇಲರು ಈಜಿಪ್ಟಿನಲ್ಲಿ ಗುಲಾಮರಾಗಿದ್ದು ಬಿಡುಗಡೆ ಪಡೆದ ಕಾರಣ. ಆದ್ದರಿಂದಲೇ ಮನೆಯ ಆಳಿಗೂ ದಾಸಿಗೂ ಎತ್ತಿಗೂ ಪರದೇಶಿಗೂ ಆ ದಿನ ಬಿಡುವು ಕೊಡಬೇಕೆಂಬ ಆಜ್ಞೆ ಅಲ್ಲಿದೆ. ಕ್ರೈಸ್ತರಾದ ನಮಗೆ ಯೇಸುಸ್ವಾಮಿಯ ಪುನರುತ್ಥಾನದ ದಿನವಾದ ಭಾನುವಾರ ಇವೆರಡನ್ನೂ ಒಳಗೊಂಡು, ಹೊಸ ಸೃಷ್ಟಿಯ ದಿನವಾಯಿತು. ಪೋಪ್ ಎರಡನೇ ಜಾನ್ ಪೌಲರು 1998ರ ಮೇ 31ರಂದು ಪ್ರಭುವಿನ ದಿನದ ಕುರಿತೇ ಒಂದು ಪ್ರೇಷಿತ ಪತ್ರವನ್ನು ಹೊರಡಿಸಿದರು.

ಆರ್ಸ್‌ನಲ್ಲಿ ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. ಕೆಲವರು ಗುರುಗಳ ವಿರುದ್ಧ ಅಪಪ್ರಚಾರ ಮಾಡಿದರು, ಅವರ ಶೀಲದ ಮೇಲೂ ಕೆಸರೆರಚಿದರು. ಅವರ ಆರಂಭದ ಕಟ್ಟುನಿಟ್ಟು ಇಂದಿನ ಓದುಗರಿಗೆ ಅತಿಯೆನಿಸಬಹುದು. ಕುಣಿತಕ್ಕೆ ಹೋದವರಿಗೆ ಪಾಪಕ್ಷಮೆಯನ್ನೇ ತಡೆಹಿಡಿಯುತ್ತಿದ್ದರು. ಅದು ಅವರು ಕಲಿತ ಕಾಲದ ಕಠಿಣ ಬೋಧನೆಯ ಪ್ರಭಾವ. ಮುಂದೆ ಸಂತ ಅಲ್ಫೋನ್ಸ್ ಲಿಗೋರಿಯವರ ಬೋಧನೆಯ ಪರಿಚಯವಾದಂತೆ, ಅದಕ್ಕಿಂತ ಹೆಚ್ಚಾಗಿ ಸಾವಿರಾರು ನೊಂದ ಜೀವಗಳ ಕಥೆಗಳನ್ನು ಕೇಳಿದಂತೆ, ಅವರು ಮೃದುವಾದರು. ಊರು ಬದಲಾಯಿತು ನಿಜ. ಜೊತೆಗೆ ಊರಿನ ಗುರುವೂ ಬದಲಾದರು.

ವರ್ಷಗಳು ಉರುಳಿದಂತೆ ನಾಲ್ಕೂ ಹೆಂಡದಂಗಡಿಗಳು ಮುಚ್ಚಿದವು. ಭಾನುವಾರ ಹೊಲಗಳು ನಿಶ್ಶಬ್ದವಾದವು. ಬೆಳಿಗ್ಗೆ ಬಲಿಪೂಜೆ, ಮಧ್ಯಾಹ್ನ ಧರ್ಮೋಪದೇಶ, ಸಂಜೆಯ ಪ್ರಾರ್ಥನೆ, ಜಪಸರ. ನಡುನಡುವೆ ಮನೆಯವರೊಂದಿಗೆ ಊಟ, ಮಾತು. 1824ರಲ್ಲಿ ಅವರು ಹೆಣ್ಣುಮಕ್ಕಳಿಗಾಗಿ ಉಚಿತ ಶಾಲೆಯನ್ನು ತೆರೆದರು. ಮುಂದೆ ಅದು ಅನಾಥ ಬಾಲಕಿಯರ ಆಶ್ರಯವೂ ಆಯಿತು. ಬಿಡುವಾದ ದಿನ ಖಾಲಿ ದಿನವಾಗಲಿಲ್ಲ, ತುಂಬಿದ ದಿನವಾಯಿತು.

ವಿಶ್ರಾಂತಿ ಹುಡುಕಿದ ಗುರು

ಆದರೆ ಊರಿಗೆ ವಿಶ್ರಾಂತಿ ಕಲಿಸಿದ ಗುರುಗಳಿಗೆ ವಿಶ್ರಾಂತಿ ಸಿಗಲಿಲ್ಲ. 1820ರ ದಶಕದ ಕೊನೆಯಿಂದ ಹೊರಊರಿನವರು ಪಾಪನಿವೇದನೆಗೆಂದು ಬರತೊಡಗಿದರು. ಅವರ ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 80,000 ಮಂದಿ ಬರುತ್ತಿದ್ದರೆಂಬ ಅಂದಾಜಿದೆ. ಪ್ರಸಿದ್ಧ ಪ್ರವಚನಕಾರರಾದ ಡೊಮಿನಿಕನ್ ಗುರು ಲಾಕೊರ್ದೇರ್ 1845ರಲ್ಲಿ ಬಂದು, ಈ ಹಳ್ಳಿಗುರುವಿನ ಸರಳ ಮಾತುಗಳನ್ನು ಕೇಳಿದರು. ಮಧ್ಯರಾತ್ರಿ ಕಳೆದ ಮೇಲೆ ಎದ್ದು ಪೀಠಕ್ಕೆ ಬರುವ ಗುರುಗಳಿಗೆ ನಿದ್ದೆ ಕೆಲವೇ ಗಂಟೆ.

ಏಕಾಂತದಲ್ಲಿ ತಮ್ಮ ಆತ್ಮಕ್ಕಾಗಿ ಪ್ರಾರ್ಥಿಸಬೇಕೆಂಬ ಆಸೆ ಅವರನ್ನು ಜೀವನವಿಡೀ ಕಾಡಿತು. 1843ರಲ್ಲಿ ತೀವ್ರ ಕಾಯಿಲೆಯಿಂದ ಚೇತರಿಸಿಕೊಂಡ ಬಳಿಕ ಗುಟ್ಟಾಗಿ ಹೊರಟು ದಾರ್ದಿಯಿಯ ಅಣ್ಣನ ಮನೆ ಸೇರಿದರು. ಜನ ಅಲ್ಲಿಗೂ ಬಂದರು! ಕೆಲವೇ ದಿನಗಳಲ್ಲಿ ಆರ್ಸ್‌ಗೆ ಮರಳಿದರು. 1853ರ ಸೆಪ್ಟೆಂಬರ್‌ನಲ್ಲಿ ರಾತ್ರಿಯ ಕತ್ತಲಲ್ಲಿ ಮತ್ತೆ ಹೊರಟಾಗ ಸುದ್ದಿ ಹಬ್ಬಿ, ಗಂಟೆ ಬಾರಿಸಿ, ಜನ ದಾರಿಗೆ ಅಡ್ಡ ನಿಂತರು. ಗುರುಗಳು ಹಿಂತಿರುಗಿ ಪಾಪನಿವೇದನೆಯ ಪೀಠದಲ್ಲೇ ಕುಳಿತರು. ಅದೇ ಕೊನೆ, ಮತ್ತೆಂದೂ ಓಡಿಹೋಗಲಿಲ್ಲ.

ಇದನ್ನು ನಾವು ಸೋಲೆಂದು ಕರೆಯೋಣವೇ? ಹಾಗೆನಿಸದು. ದೇವರಲ್ಲಿ ವಿಶ್ರಮಿಸುವುದಕ್ಕೆ ಬೇರೊಂದು ಊರು ಬೇಕಾಗಿಲ್ಲ, ತಮ್ಮನ್ನಿಟ್ಟ ಜಾಗದಲ್ಲೇ ಅದು ಸಿಗಬೇಕು ಎಂಬುದನ್ನು ಅವರು ಕಷ್ಟಪಟ್ಟು ಕಲಿತರು. ಪರಮಪ್ರಸಾದದ ಮುಂದೆ ಕಳೆಯುತ್ತಿದ್ದ ಹೊತ್ತೇ ಅವರ ವಿಶ್ರಾಂತಿ. ಸುಗ್ಗಿಯ ರೈತರಿಂದ ಅವರು ಯಾವ ಭರವಸೆಯನ್ನು ಬೇಡಿದ್ದರೋ ಅದನ್ನೇ ದೇವರು ಅವರಿಂದಲೂ ಬೇಡಿದ್ದರು.

1859ರ ಜುಲೈ ತಿಂಗಳ ಕಡು ಬಿಸಿಲಿನಲ್ಲಿ ಅವರು ಹಾಸಿಗೆ ಹಿಡಿದರು. ಆಗಸ್ಟ್ 4ರ ನಸುಕಿನಲ್ಲಿ, 73ನೆಯ ವಯಸ್ಸಿನಲ್ಲಿ, ಶಾಂತವಾಗಿ ಕೊನೆಯುಸಿರೆಳೆದರು. 41 ವರ್ಷಗಳ ದುಡಿಮೆಗೆ ಅಂದು ಬಿಡುವಾಯಿತು. 1905ರಲ್ಲಿ ಅವರನ್ನು ಧನ್ಯರೆಂದೂ, 1925ರ ಮೇ 31ರಂದು ಸಂತರೆಂದೂ ಘೋಷಿಸಲಾಯಿತು. 1929ರಲ್ಲಿ ಅವರು ಜಗತ್ತಿನ ಎಲ್ಲ ಧರ್ಮಕೇಂದ್ರಗಳ ಗುರುಗಳ ಪಾಲಕರಾದರು. ಅವರ ಮರಣದ 150ನೆಯ ವರ್ಷದ ನೆನಪಿಗೆ ಪೋಪ್ 16ನೇ ಬೆನೆಡಿಕ್ಟರು 2009-10ನ್ನು ಯಾಜಕರ ವರ್ಷವೆಂದು ಘೋಷಿಸಿದ್ದರು. ಫ್ರಾನ್ಸಿನಲ್ಲಿ 1814ರ ಕಾನೂನು 1880ರಲ್ಲಿ ರದ್ದಾಗಿ, 1906ರ ಜುಲೈ 13ರಂದು ಕಾರ್ಮಿಕರಿಗೆ ವಾರದ ರಜೆಯನ್ನು ಭಾನುವಾರ ಕೊಡಬೇಕೆಂಬ ಹೊಸ ಕಾನೂನು ಬಂತು. ಕಾನೂನುಗಳು ಬರುತ್ತವೆ, ಹೋಗುತ್ತವೆ.

ಪ್ರಿಯರೇ, ನಮ್ಮ ಭಾನುವಾರ ಹೇಗಿದೆ? ಬಲಿಪೂಜೆ ಮುಗಿಯುವ ಮೊದಲೇ ಗಡಿಯಾರ ನೋಡುವ ನಾವು, ಉಳಿದ ದಿನವನ್ನು ಖರೀದಿಗೋ, ಬಾಕಿ ಕೆಲಸಕ್ಕೋ, ಮೊಬೈಲ್ ಪರದೆಗೋ ಒಪ್ಪಿಸುತ್ತೇವೆ. ನಾವು ವಿಶ್ರಮಿಸುವಾಗ ನಮಗಾಗಿ ದುಡಿಯುತ್ತಿರುವವರು ಯಾರು? ಮನೆಗೆಲಸದವಳಿಗೆ, ಚಾಲಕನಿಗೆ, ಅಂಗಡಿಯ ಹುಡುಗನಿಗೆ, ಅಡುಗೆಮನೆಯಲ್ಲೇ ದಿನ ಕಳೆಯುವ ತಾಯಿಗೆ ವಾರದಲ್ಲಿ ಒಂದು ದಿನವಾದರೂ ಬಿಡುವಿದೆಯೇ? ನಮ್ಮ ಗುರುಗಳಿಗೆ? ಮುಂದಿನ ಭಾನುವಾರ ಇವರಲ್ಲಿ ಒಬ್ಬರಿಗಾದರೂ ಕೆಲವು ಗಂಟೆಗಳ ಬಿಡುವನ್ನು ನಾವು ಕೊಡೋಣ. ನಮ್ಮ ಕೈಗಳನ್ನೂ ಸ್ವಲ್ಪ ಹೊತ್ತು ಸುಮ್ಮನಿರಿಸೋಣ. ಸಂತ ಜಾನ್ ಮರಿಯ ವಿಯಾನ್ನಿಯವರೇ, ನಮಗಾಗಿ ಪ್ರಾರ್ಥಿಸಿರಿ.