ಯಾನ್ ವಾನ್ ಡೆರ್ ಹೈಡನ್

ಹಾಲೆಂಡ್ ದೇಶದ ಪ್ರಸಿದ್ಧ ಚಿತ್ರಕಾರನಾದ ಯಾನ್ ವಾನ್ ಡೆರ್ ಹೈಡನನು 1637ರಲ್ಲಿ ಗೋರಿಂಕೆಮ್ ಎಂಬ ಊರಿನಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಆಮ್‌ಸ್ಟರ್‌ಡಾಮ್ ಪಟ್ಟಣಕ್ಕೆ ಬಂದನು. ಅಲ್ಲಿ 1652ರಲ್ಲಿ ಹಳೆಯ ಪುರಭವನವು ಬೆಂಕಿಗೆ ಆಹುತಿಯಾಯಿತು. ಆಗ ಈತನಿಗೆ ಹದಿನೈದು ವರುಷ. ಜನರು ತೊಗಲಿನ ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿ ನೀರೆರಚುವುದರ ಹೊರತು ಬೇರೆ ಉಪಾಯವು ಹೆಚ್ಚೇನೂ ಇಲ್ಲದಿದ್ದ ಕಾಲವದು.

ಪ್ರಾಯಕ್ಕೆ ಬಂದ ಮೇಲೆ ಈತನು ಕಾಲುವೆ, ಬೀದಿ, ದೇವಾಲಯಗಳ ವರ್ಣಚಿತ್ರಗಳಿಂದ ಹೆಸರಾದನು. ಗೋಡೆಯ ಒಂದೊಂದು ಇಟ್ಟಿಗೆಯನ್ನೂ ಎಣಿಸಬಹುದೆಂಬಷ್ಟು ಸೂಕ್ಷ್ಮವಾದ ಕೆಲಸವದು. ಆದರೆ ನಮಗೆ ಹೆಚ್ಚಾಗಿ ಮೆಚ್ಚುಗೆಯಾಗುವುದು ಆ ಕೈಯನ್ನು ಆತನು ಪರರ ಪ್ರಾಣರಕ್ಷಣೆಗೆ ಉಪಯೋಗಿಸಿದ ಬಗೆಯೇ. 1669ರಲ್ಲಿ ಪಟ್ಟಣದ ಸಭೆಯು ಈತನ ಬೀದಿದೀಪಗಳ ಯೋಜನೆಯನ್ನು ಅಂಗೀಕರಿಸಿತು. 1672ರಲ್ಲಿ ತಮ್ಮನಾದ ನಿಕೊಲಾಸನೊಡಗೂಡಿ ತೊಗಲಿನ ಉದ್ದ ಕೊಳವೆಯುಳ್ಳ ನೀರಿನ ಯಂತ್ರವನ್ನು ನಿರ್ಮಿಸಿದನು. ಹಿಂದಿನ ಯಂತ್ರಗಳನ್ನು ಉರಿಯುವ ಗೋಡೆಯ ಹತ್ತಿರಕ್ಕೇ ಒಯ್ಯಬೇಕಾಗಿತ್ತು. ಈ ಕೊಳವೆಯನ್ನಾದರೋ ಮೆಟ್ಟಲೇರಿ ಬೆಂಕಿಯ ಬುಡಕ್ಕೇ ಕೊಂಡೊಯ್ಯಬಹುದು.

ಇದನ್ನು ಜನರಿಗೆ ತಿಳಿಸುವುದು ಹೇಗೆ? 1690ರಲ್ಲಿ ಈತನು ಮಗನೊಡನೆ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿ, ಅದಕ್ಕೆ ಎಚಿಂಗ್ ಎಂಬ ವಿಧಾನದ ಚಿತ್ರಗಳನ್ನು ಸೇರಿಸಿದನು. ಅವುಗಳಲ್ಲಿ ಕೆಲವನ್ನು ತಾನೇ ಕೊರೆದನು. ಈ ವಿಧಾನದಲ್ಲಿ ತಾಮ್ರದ ತಗಡಿಗೆ ತೆಳುವಾಗಿ ಮೇಣವನ್ನು ಸವರಿ, ಸೂಜಿಯಿಂದ ಗೀಚಿ ಚಿತ್ರ ಬರೆಯುವರು. ತಗಡಿಗೆ ದ್ರಾವಕವನ್ನು ಹಾಯಿಸಲು, ಮೇಣ ಹೋದ ಕಡೆ ಮಾತ್ರ ತಾಮ್ರವು ಸವೆದು ಗೆರೆಗಳು ತಗ್ಗಾಗುವುವು. ಅವುಗಳಲ್ಲಿ ಮಸಿಯನ್ನು ತುಂಬಿ, ಒದ್ದೆ ಮಾಡಿದ ಕಾಗದವನ್ನಿಟ್ಟು ಯಂತ್ರದಲ್ಲಿ ಒತ್ತಿದರೆ ಚಿತ್ರವು ಮೂಡುವುದು. ಅಚ್ಚಿನಲ್ಲಿ ಎಡವು ಬಲವಾಗುವುದರಿಂದ, ಬೀದಿ ಇದ್ದಂತೆಯೇ ಕಾಣಬೇಕಾದರೆ ತಗಡಿನ ಮೇಲೆ ತಿರುವುಮುರುವಾಗಿ ಬರೆಯಬೇಕು. ಕಿಟಕಿ, ಕಂಬ, ಮಾಡುಗಳ ಅಳತೆ ಕೆಡದಂತೆ ಹೀಗೆ ಬರೆಯುವುದು ಸುಲಭವಲ್ಲ. ಒಂದು ತಗಡಿನಿಂದ ಅನೇಕ ಪ್ರತಿಗಳು ದೊರೆಯುವುದೇ ಈ ಶ್ರಮಕ್ಕೆ ಪ್ರತಿಫಲ. ಗೋಡೆಗೆ ತೂಗುಹಾಕಿದ ಒಂದೇ ವರ್ಣಚಿತ್ರದಿಂದ ಆಗದ ಕಾರ್ಯವಿದು.

ಆ ಗ್ರಂಥದ ಒಂದು ಪುಟದಲ್ಲಿ ಎತ್ತರವಾದ ಮನೆಯೊಂದರ ಗೋಡೆಯನ್ನು ಪೆಟ್ಟಿಗೆಯ ಮುಚ್ಚಳದಂತೆ ತೆಗೆದು ತೋರಿಸಿದೆ. ಒಳಗಣ ಅಂತಸ್ತುಗಳೂ ಉರಿಯೂ ಹೊಗೆಯೂ ಕೊಳವೆ ಹಿಡಿದ ಆಳುಗಳೂ ಒಮ್ಮೆಗೇ ಕಾಣುವರು. ಇನ್ನೊಂದರಲ್ಲಿ ಈತನು ಬಾಲಕನಾಗಿದ್ದಾಗ ಸುಟ್ಟುಹೋದ ಆ ಪುರಭವನವೇ ಇದೆ. ಮನೆಗಳ ಹೊರಚೆಲುವನ್ನು ಅಷ್ಟೊಂದು ಪ್ರೀತಿಯಿಂದ ಬರೆದವನು ಇಲ್ಲಿ ಅವು ಬೇಯುವುದನ್ನೂ ಕುಸಿಯುವುದನ್ನೂ ಕಣ್ಣು ತಪ್ಪಿಸದೆ ಬರೆದನು. ನಮ್ಮ ಅಭಿಪ್ರಾಯದಲ್ಲಿ, ವರ್ಣಚಿತ್ರಗಳ ನಿಶ್ಚಲ ಬೀದಿಗಳಿಗಿಂತ ಈ ಕಪ್ಪು ಗೆರೆಗಳಲ್ಲಿಯೇ ಹೆಚ್ಚು ಜೀವವಿದೆ.

ದೀಪಗಳ ಮೇಲ್ವಿಚಾರಣೆಯೂ ಅಗ್ನಿಶಾಮಕ ಯಂತ್ರಗಳ ಕಾರ್ಯವೂ ಈತನಿಗೆ ಧನವನ್ನು ತಂದವು. ಕುಂಚವನ್ನು ಮಾತ್ರ ಕೈಬಿಡಲಿಲ್ಲ. 1712ರಲ್ಲಿ ಈತನು ತೀರಿಕೊಂಡನು. ಹೆಂಡತಿಯಾದ ಸಾರಳೂ ಸ್ವಲ್ಪ ಕಾಲದಲ್ಲಿಯೇ ಗತಿಸಿದಳು. ಮನೆಯ ಸೊತ್ತನ್ನು ಪಟ್ಟಿಮಾಡಿದಾಗ, ಮಾರದೆ ಇಟ್ಟುಕೊಂಡಿದ್ದ ಈತನದೇ ಚಿತ್ರಗಳು 70ಕ್ಕೂ ಹೆಚ್ಚು ಇದ್ದವು. ಗ್ರಂಥವು 1735ರಲ್ಲಿ ಪುನಃ ಅಚ್ಚಾಯಿತು.