ಗೋವೆಯ ವೈದ್ಯ ಗಾರ್ಸಿಯಾ ದ ಒರ್ತಾ

ಪಣಜಿಯ ದೊಡ್ಡ ಇಗರ್ಜಿಯ ಸಮೀಪ ಒಂದು ಪುರಸಭಾ ಉದ್ಯಾನವಿದೆ. ರಜೆಯಲ್ಲಿ ಗೋವೆ ನೋಡಲು ಹೋಗುವ ನಮ್ಮವರು ಅಲ್ಲಿ ಕುಳಿತು ದಣಿವಾರಿಸಿಕೊಳ್ಳುವುದುಂಟು. ಅದಕ್ಕಿರುವ ಹೆಸರು ಗಾರ್ಸಿಯಾ ದ ಒರ್ತಾನದು.

ಈತ ಸುಮಾರು 1501ರಲ್ಲಿ ಪೋರ್ಚುಗಲ್ಲಿನಲ್ಲಿ ಜನಿಸಿದ. ತಂದೆತಾಯಿ 1492ರಲ್ಲಿ ಸ್ಪೇನಿನಿಂದ ಗಡೀಪಾರಾಗಿ ಬಂದ ಯೆಹೂದ್ಯರು. 1497ರಲ್ಲಿ ಪೋರ್ಚುಗಲ್ಲಿನ ಅರಸನು ಯೆಹೂದ್ಯರನ್ನು ಬಲಾತ್ಕಾರದಿಂದ ಕ್ರೈಸ್ತರನ್ನಾಗಿ ಮಾಡಿದ. ಅಂಥವರನ್ನು ಹೊಸ ಕ್ರೈಸ್ತರೆಂದು ಕರೆದು, ತಲೆಮಾರು ಕಳೆದರೂ ಸಂಶಯದಿಂದಲೇ ನೋಡುತ್ತಿದ್ದರು.

ಗಾರ್ಸಿಯಾ ಸ್ಪೇನಿನಲ್ಲಿ ವೈದ್ಯಶಾಸ್ತ್ರ ಕಲಿತು, ಲಿಸ್ಬನ್ನಿನಲ್ಲಿ ಅಧ್ಯಾಪಕನಾಗಿ, 1534ರಲ್ಲಿ ಗೋವೆಗೆ ಹಡಗು ಹತ್ತಿದ. ಇಲ್ಲಿ ವೈಸರಾಯರಿಗೂ ಅಹಮದ್‌ನಗರದ ನಿಜಾಮ್ ಷಾನಿಗೂ ಚಿಕಿತ್ಸೆ ಮಾಡಿದ. ಮುಂಬಯಿ ದ್ವೀಪವನ್ನು ಗೇಣಿಗೆ ಪಡೆದ. ನಮ್ಮ ವೈದ್ಯರನ್ನೂ ಹಕೀಮರನ್ನೂ ವಿಚಾರಿಸಿ, ಕರಿಮೆಣಸು, ಏಲಕ್ಕಿ, ಶುಂಠಿ, ಮಾವುಗಳ ಗುಣಗಳನ್ನು ಕಣ್ಣಾರೆ ಕಂಡು ಬರೆದಿಟ್ಟ. 1563ರಲ್ಲಿ ಆ ಗ್ರಂಥ ಗೋವೆಯಲ್ಲೇ ಅಚ್ಚಾಯಿತು. ನಾಲ್ಕು ವರ್ಷಗಳೊಳಗೆ ಅದರ ಲ್ಯಾಟಿನ್ ಸಂಗ್ರಹ ಯುರೋಪಿನಲ್ಲಿ ಪ್ರಕಟವಾಯಿತು.

ಹೊರಗೆ ಇಷ್ಟು ಮನ್ನಣೆ, ಮನೆಯೊಳಗೆ ಭಯ. ತಾಯಿಯೂ ಸೋದರಿಯರೂ ಪೋರ್ಚುಗಲ್ಲಿನಿಂದ ಅವನ ಆಶ್ರಯಕ್ಕೆ ಬಂದಿದ್ದರು. ಅಲ್ಲಿ ತಪ್ಪಿಸಿಕೊಂಡದ್ದು ಇಲ್ಲಿಗೂ ಬಂತು: 1560ರಲ್ಲಿ ಗೋವೆಯಲ್ಲಿ ಮತವಿಚಾರಣೆಯ ನ್ಯಾಯಸ್ಥಾನ ಸ್ಥಾಪನೆಯಾಯಿತು. ಗಾರ್ಸಿಯಾ 1568ರಲ್ಲಿ ತೀರಿಕೊಂಡ. ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸಿದಳೆಂಬ ಆರೋಪದಲ್ಲಿ ತಂಗಿ ಕತರೀನಾಳನ್ನು ಮರುವರ್ಷ ಸುಟ್ಟರು. 1580ರಲ್ಲಿ ಸತ್ತವನನ್ನೂ ಬಿಡಲಿಲ್ಲ. ಅವನ ಅಸ್ಥಿಗಳನ್ನು ಗೋರಿಯಿಂದ ಅಗೆದು ತೆಗೆದು ಸುಟ್ಟರು.

ಯೆಹೂದ್ಯರಿಗೆ ತಮ್ಮದೇ ನೆಲ ಬೇಕೆಂದು ಬಾಸೆಲ್ ನಗರದಲ್ಲಿ ಪ್ರಥಮ ಜಿಯೋನಿಸ್ಟ್ ಸಮ್ಮೇಳನ ನೆರೆದುದು 1897ರಲ್ಲಿ. ಇಸ್ರೇಲ್ ರಾಜ್ಯ ಹುಟ್ಟಿದುದು 1948ರಲ್ಲಿ. ಆ ನೆಲದಲ್ಲಿ ಮೊದಲೇ ನೆಲೆಸಿದ್ದ ಅರಬರ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಗಾರ್ಸಿಯಾನ ಕಾಲಕ್ಕೆ ಅಂಥ ರಾಜಕೀಯವಿರಲಿಲ್ಲ. ಹಲವು ಜನಾಂಗಗಳು ಬೆರೆತ ಬಂದರಿನಲ್ಲಿ ತನ್ನವರೊಂದಿಗೆ ಬದುಕಲು ಅವನು ನೆಲೆ ಹುಡುಕಿದ್ದ, ಅಷ್ಟೆ.

1956ರಲ್ಲಿ ಗಡಿಯ ಈಚೆ ಉಳಿದ ನಾವು ನಮ್ಮ ಅಳಲನ್ನು ಅವನ ಸಂಕಟಕ್ಕೆ ಹೋಲಿಸಲಾಗದು. ನಮ್ಮ ನುಡಿಯನ್ನು ನಾವು ಬಚ್ಚಿಡಬೇಕಾಗಿಲ್ಲ. ಬಾಗಿಲು ತೆರೆದೇ ಆಡಬಲ್ಲೆವು. ಹಾಗಿದ್ದೂ ಮನೆಯಲ್ಲೇ ಅದನ್ನು ಬಿಟ್ಟುಕೊಡುವವರು ನಮ್ಮಲ್ಲಿದ್ದಾರೆ. ಪಣಜಿಯ ಆ ಉದ್ಯಾನದಲ್ಲಿ ಕುಳಿತಾಗ ಕತರೀನಾಳನ್ನೂ ಒಮ್ಮೆ ನೆನೆಯೋಣ.