ನಮ್ಮ ಗುಡಿಗಳ ಮುಂದೆ ಸ್ಟ್ಯಾಂಡ್ ಊರಿದ ಕಸಿನ್ಸ್ ಸಾಹೇಬರು

ಭಾನುವಾರ ಬಂತೆಂದರೆ ಲಕ್ಕುಂಡಿಯ ಕಾಶಿ ವಿಶ್ವನಾಥನ ಗುಡಿ ಮುಂದೆ ಮೊಬೈಲ್ ಹಿಡಿದವರದೇ ಗದ್ದಲ. ಗದಗಿನಿಂದ ಬಸ್ ಹತ್ತಿ 12 ಕಿಲೋಮೀಟರ್ ಹೋದರಾಯಿತು, ಅರ್ಧ ತಾಸಿನಲ್ಲಿ ನೂರು ಫೋಟೋ ಹೊಡೆದು ಮುಂದಿನ ಬಸ್ಸಿಗೆ ವಾಪಸ್. ಇದೇ ಗುಡಿಯ ಫೋಟೋವನ್ನು 1885ರಲ್ಲಿ ಒಬ್ಬ ಬ್ರಿಟಿಷ್ ಸಾಹೇಬರು ತೆಗೆದಿದ್ದರು. ಅದು ಅರ್ಧ ತಾಸಿನ ಕೆಲಸವಾಗಿರಲಿಲ್ಲ. ಅವರು ತೆಗೆದ ಚಿತ್ರಗಳು ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಜೋಪಾನವಾಗಿವೆ. ನಾವು ಹೋದ ಭಾನುವಾರ ತೆಗೆದದ್ದು ಮುಂದಿನ ವರ್ಷದ ತನಕ ಉಳಿದರೆ ನಮ್ಮ ಪುಣ್ಯ.

ಆ ಸಾಹೇಬರ ಹೆಸರು ಹೆನ್ರಿ ಕಸಿನ್ಸ್. ಹುಟ್ಟಿದ್ದು 1854ರಲ್ಲಿ, ತೀರಿಕೊಂಡದ್ದು 1933ರಲ್ಲಿ. ಚಾಲುಕ್ಯರ ಗುಡಿಗಳ ಬಗ್ಗೆ ಯಾರೇ ಪುಸ್ತಕ ಬರೆಯಲಿ, ಈ ಹೆಸರನ್ನು ದಾಟಿ ಹೋಗುವಂತಿಲ್ಲ. ಪಂಡಿತರ ಬಾಯಲ್ಲಿ ದಿನಾ ಓಡಾಡುವ ಈ ಹೆಸರು ನಮ್ಮ ಪೇಟೆಯ ಮಂದಿಗೂ ಗೊತ್ತಿರಲಿ ಅಂತ ಈ ಬರಹ.

ಮೊದಲು ಬಂದವರು

ಕಸಿನ್ಸ್‌ಗಿಂತ ಮೊದಲೇ ನಮ್ಮ ಸೀಮೆಗೆ ಕ್ಯಾಮೆರಾ ಬಂದಿತ್ತು. 1855ರಲ್ಲಿ ಕಂಪನಿ ಸರಕಾರ ತೋಪಿನ ದಂಡಿನ ಅಧಿಕಾರಿ ಥಾಮಸ್ ಬಿಗ್ಸ್ ಅವರಿಗೆ ಹಳೇ ಕಟ್ಟಡಗಳ ಫೋಟೋ ತೆಗೆಯುವ ಕೆಲಸ ಕೊಟ್ಟಿತು. ವರ್ಷ ತುಂಬುವುದರೊಳಗೆ ಅವರನ್ನು ದಂಡಿಗೆ ವಾಪಸ್ ಕರೆಸಿಕೊಂಡು, ಡಾಕ್ಟರ್ ಪಿಗೌ ಎಂಬುವರನ್ನು ಆ ಜಾಗಕ್ಕೆ ಹಾಕಿದರು. ಈ ಇಬ್ಬರದು, ಜೊತೆಗೆ ನೀಲ್ ಎಂಬ ಇನ್ನೊಬ್ಬ ಅಧಿಕಾರಿಯದು, ಹೀಗೆ ಮೂವರ ಚಿತ್ರ ಕೂಡಿಸಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ-ಮೈಸೂರು ಸೀಮೆಯ ಕಟ್ಟಡಗಳ ಮೇಲೆ ಒಂದು ದೊಡ್ಡ ಪುಸ್ತಕ ಬಂತು. ಅದಕ್ಕೆ ಇತಿಹಾಸ ಬರೆದುಕೊಟ್ಟವರು ಸುರಪುರದ ಮೆಡೋಸ್ ಟೇಲರ್ ಸಾಹೇಬರು. ಪುಸ್ತಕ ಕಣ್ಣಿಂದ ನೋಡುವ ಭಾಗ್ಯ ಪಿಗೌ ಅವರಿಗೆ ಇರಲಿಲ್ಲ. ಅಷ್ಟೊತ್ತಿಗೆ ತೀರಿಕೊಂಡಿದ್ದರು.

ಗಾಜಿನ ಹೊರೆ

ಕಸಿನ್ಸ್ 1880ರ ದಶಕದ ಆರಂಭದಲ್ಲಿ ಪಶ್ಚಿಮ ಭಾರತದ ಪುರಾತತ್ವ ಸರ್ವೇ ಇಲಾಖೆ ಸೇರಿದರು. ಜೇಮ್ಸ್ ಬರ್ಜೆಸ್ ಅವರ ಕೈಕೆಳಗೆ ಕೆಲಸ. ಗುಡಿ ಅಳೆಯಬೇಕು, ನಕ್ಷೆ ಬರೆಯಬೇಕು, ಫೋಟೋ ತೆಗೆಯಬೇಕು. ಅದೇ ದಶಕದಲ್ಲಿ ಗದಗಿಗೆ ರೈಲು ಬಂತು. ಆದರೆ ಲಕ್ಕುಂಡಿಗೆ, ಡಂಬಳಕ್ಕೆ ರೈಲೆಲ್ಲಿ? ಸ್ಟೇಷನ್ ದಾಟಿದ ಮೇಲೆ ಎತ್ತಿನ ಬಂಡಿ, ಕುದುರೆ, ಇಲ್ಲಂದ್ರೆ ಕಾಲೇ ಗತಿ.

ಆ ಕಾಲದ ಕ್ಯಾಮೆರಾ ಅಂದರೆ ಕಟ್ಟಿಗೆಯ ಪೆಟ್ಟಿಗೆ. ಅದನ್ನು ಹೊರಲು ಕಟ್ಟಿಗೆಯದೇ ಮೂರುಕಾಲಿನ ಸ್ಟ್ಯಾಂಡ್. ಫಿಲ್ಮಿನ ಬದಲು ಗಾಜಿನ ಫಲಕ. ಚಿತ್ರ ಎಷ್ಟು ದೊಡ್ಡದು ಬೇಕೋ ಗಾಜೂ ಅಷ್ಟೇ ದೊಡ್ಡದಿರಬೇಕಿತ್ತು. ಬಂಡಿ ಒಂದು ತಗ್ಗಿಗೆ ಇಳಿದು ಗಾಜು ಒಡೆದರೆ ಅವತ್ತಿನ ದುಡಿಮೆ ಮಣ್ಣುಪಾಲು. ಬಳೆ ವ್ಯಾಪಾರ ಮಾಡುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತೊಂದರೆ ನಮ್ಮ ಕಲ್ಲಿನದು. ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಕೆಂಪು ಮರಳುಗಲ್ಲಿನವು, ಬೆಳಕಿಗೆ ಹೊಳೆಯುತ್ತವೆ. ಲಕ್ಕುಂಡಿ, ಡಂಬಳ, ಗದಗಿನ ಗುಡಿಗಳದು ಕರಿ ಛಾಯೆಯ ಬಳಪದ ಕಲ್ಲು. ಕೆತ್ತಲು ಮೆತ್ತಗೆ, ಆದ್ದರಿಂದಲೇ ಕುಸುರಿ ಅಷ್ಟು ಸಣ್ಣ. ಆದರೆ ಈ ಕಲ್ಲು ಬೆಳಕನ್ನು ನುಂಗಿಬಿಡುತ್ತದೆ. ಬಾಗಿಲವಾಡದ ಬಳ್ಳಿ ಗಾಜಿನ ಮೇಲೆ ಮೂಡಬೇಕಾದರೆ ಲೆನ್ಸಿನ ಬಾಯಿ ಬಹಳ ಹೊತ್ತು ತೆರೆದಿರಬೇಕು. ಗುಡಿಯೊಳಗಾದರೆ ನಿಮಿಷಗಟ್ಟಲೆ. ಅಷ್ಟು ಹೊತ್ತು ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಅರ್ಧ ಕೆಲಸ ಸ್ಟ್ಯಾಂಡಿನದೇ.

ಹಾಗೆ ತೆಗೆದವುಗಳಲ್ಲಿ ಡಂಬಳದ ದೊಡ್ಡಬಸಪ್ಪನ ಗುಡಿಯೂ ಒಂದು. 24 ಮೂಲೆಯ ನಕ್ಷತ್ರದ ಹಾಗೆ ಕಟ್ಟಿದ ಗುಡಿ ಅದು. ಇನ್ನು ಗದಗಿನ ತ್ರಿಕೂಟೇಶ್ವರದ ಆವಾರದಲ್ಲಿರುವ ಸರಸ್ವತಿ ಗುಡಿಯ ಕಂಬಗಳಿಗೆ ತಮ್ಮ ಪುಸ್ತಕದಲ್ಲಿ ಮರ್ಯಾದೆಯ ಜಾಗ ಕೊಟ್ಟಿದ್ದಾರೆ.

ಆಗ ಈ ಸೀಮೆ ಒಬ್ಬರ ಕೈಯಲ್ಲಿ ಇರಲಿಲ್ಲ. ಗದಗ, ಡಂಬಳ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಆಚೆ ಕುಕನೂರು, ಇಟಗಿ ನಿಜಾಮರಿಗೆ. ಸರಹದ್ದು ಯಾರದೇ ಇರಲಿ, ಗುಡಿಗಳೆಲ್ಲ ಒಂದೇ ಕೈಯ ಕೆಲಸ ಎಂಬುದನ್ನು ಕಸಿನ್ಸ್ ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು.

41 ವರ್ಷದ ತಾಳ್ಮೆ

1889ರಲ್ಲಿ ಬರ್ಜೆಸ್ ನಿವೃತ್ತರಾದರು. ಸರಕಾರ ಇಲಾಖೆಯ ಖರ್ಚಿಗೆ ಕತ್ತರಿ ಹಾಕಿತು. ಆ ಬರಗಾಲದಲ್ಲೂ ಕಸಿನ್ಸ್ ಕೆಲಸ ಬಿಡಲಿಲ್ಲ. 1897ರಲ್ಲಿ ಮುಂಬಯಿ ಪ್ರಾಂತದ ಹಳೇ ಕಟ್ಟಡಗಳ ಪಟ್ಟಿಯನ್ನು ತಿದ್ದಿ ಮುದ್ರಿಸಿದರು. ಸ್ಮಾರಕ ಕಾಪಾಡುವ ಕಾಯಿದೆ ಬಂದದ್ದು 1904ರಲ್ಲಿ. ಯಾವ ಊರಿನಲ್ಲಿ ಏನಿದೆ ಎಂಬ ಲೆಕ್ಕ ಅಷ್ಟೊತ್ತಿಗೆ ತಯಾರಿತ್ತು.

1910ರಲ್ಲಿ ನೌಕರಿಯಿಂದ ನಿವೃತ್ತಿ. ಬಿಜಾಪುರದ ಮೇಲಿನ ಪುಸ್ತಕ ಬಂದದ್ದು 1916ರಲ್ಲಿ. ಕನ್ನಡ ಜಿಲ್ಲೆಗಳ ಚಾಲುಕ್ಯ ಗುಡಿಗಳ ಮೇಲಿನ ದೊಡ್ಡ ಪುಸ್ತಕ 1926ರಲ್ಲಿ. ಅಂದರೆ ಲಕ್ಕುಂಡಿಯಲ್ಲಿ ಸ್ಟ್ಯಾಂಡ್ ಊರಿ 41 ವರ್ಷವಾದ ಮೇಲೆ! ಆಗ ಸಾಹೇಬರಿಗೆ 72 ವರ್ಷ. 1931ರಲ್ಲಿ ಮತ್ತೆರಡು ಪುಸ್ತಕ ಹೊರಬಂದವು. ಎರಡು ವರ್ಷಕ್ಕೆ ತೀರಿಕೊಂಡರು.

ಇಷ್ಟೆಲ್ಲ ಸಾಹೇಬರೊಬ್ಬರೇ ಮಾಡಿದ್ದಲ್ಲ. ಬಂಡಿ ಹೊಡೆದವರು, ಗಾಜಿನ ಪೆಟ್ಟಿಗೆ ತಲೆಮೇಲೆ ಹೊತ್ತವರು, ಟೇಪು ಹಿಡಿದವರು ನಮ್ಮವರೇ. ಅವರ ಹೆಸರು ಇವತ್ತು ಯಾರ ನಾಲಿಗೆ ಮೇಲೂ ಇಲ್ಲ. ಅದನ್ನೂ ನೆನೆಯಬೇಕು.

ಈಗ ಹೊರಡುವವರಿಗೆ

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತು ಬರುತ್ತವೆ, ಹಿಂದೆಯೇ ಕ್ಯಾಮೆರಾದವರೂ ಬರುತ್ತಾರೆ. ಹೊಸದಾಗಿ ಸ್ಟ್ಯಾಂಡ್, ಬ್ಯಾಗ್ ಕೊಳ್ಳುವ ಹುಡುಗರಿಗೆ ಕಸಿನ್ಸ್ ಬಾಳಿನಿಂದ ತೆಗೆದುಕೊಳ್ಳಬೇಕಾದ ಪಾಠ ಉಂಟು.

ಅಂಗಡಿಯಲ್ಲೇ ಸ್ಟ್ಯಾಂಡಿನ ಕಾಲು ಪೂರ್ತಿ ಬಿಚ್ಚಿ, ಮೇಲಿನಿಂದ ಕೈಯೂರಿ ನೋಡಿ. ನಡುಗಿದರೆ ಬೇಡ. ನಡುವಿನ ಕಂಬ ಎತ್ತದೆಯೇ ಕಣ್ಣಿನ ಮಟ್ಟಕ್ಕೆ ಬರಬೇಕು. ಕಂಬ ಎತ್ತಿದಷ್ಟೂ ಅಲುಗಾಟ ಜಾಸ್ತಿ. ಕೆಳಗೆ ಕೊಕ್ಕೆ ಇದ್ದರೆ ಉತ್ತಮ, ಕಪ್ಪತಗುಡ್ಡದ ಗಾಳಿಗೆ ಬ್ಯಾಗನ್ನೇ ಅದಕ್ಕೆ ತೂಗುಹಾಕಿ ಭಾರ ಕೊಡಬಹುದು. ತಿರುಗಿಸಿ ಬಿಗಿಯುವ ಕಾಲಿಗಿಂತ ಪಟ್ಟನೆ ಮಡಚುವ ಚಿಲಕದ ಕಾಲಿನಲ್ಲಿ ಧೂಳು ಒರೆಸುವುದು ಸುಲಭ. ಬಹಳ ಭಾರದ್ದು ಕೊಂಡರೆ ಅದು ಮನೆಯ ಅಟ್ಟ ಸೇರುತ್ತದೆ, ಬಹಳ ಹಗುರದ್ದು ಗಾಳಿಗೆ ಉರುಳುತ್ತದೆ. ಒಂದು ತಾಸು ಹೊತ್ತು ನಡೆಯಲು ಆಗುವಷ್ಟು ತೂಕ ಸಾಕು.

ಬ್ಯಾಗು ಎರಡೂ ಹೆಗಲಿಗೆ ಹಾಕುವಂಥದ್ದೇ ಇರಲಿ. ಒಂದೇ ಹೆಗಲಿನದು ಮಧ್ಯಾಹ್ನದೊಳಗೆ ಕುತ್ತಿಗೆ ಹಿಡಿಸುತ್ತದೆ. ಒಳಗೆ ಮೆತ್ತನೆಯ ಖಾನೆ, ಹೊರಗೆ ಮಳೆ ಹೊದಿಕೆ, ಎರಿ ಮಣ್ಣಿನ ಧೂಳು ನುಗ್ಗದಂಥ ಜಿಪ್ ಬೇಕು. ಬಸ್ಸಿನಲ್ಲಿ ಮೇಲಿನ ರ‍್ಯಾಕಿಗೆ ಹಾಕಬೇಡಿ, ತೊಡೆಯ ಮೇಲಿಟ್ಟುಕೊಳ್ಳಿ. ಇನ್ನೊಂದು ಮಾತು, ಪುರಾತತ್ವ ಇಲಾಖೆಯ ಗುಡಿಗಳಲ್ಲಿ ಸ್ಟ್ಯಾಂಡ್ ಊರಲು ಮೊದಲೇ ಪರವಾನಗಿ ಬೇಕು.

ಹಂಪಿಯಲ್ಲಿ ಗ್ರೀನ್‌ಲಾ ಎಂಬ ಅಧಿಕಾರಿ 1856ರಲ್ಲಿ ಫೋಟೋ ತೆಗೆದಿದ್ದರು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗ ಹುಡುಕಿ ನಿಂತು ಮತ್ತೆ ತೆಗೆದರು. ಎರಡೂ ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಪುರ ಉಳಿಯಿತು ಅಂತ ಸಣ್ಣ ಮಕ್ಕಳೂ ಹೇಳಬಹುದು.

ನಮ್ಮಲ್ಲಿ ಈ ಕೆಲಸ ಮಾಡಲು ಸಾಹೇಬರು ಬರಬೇಕಾಗಿಲ್ಲ. ಕಸಿನ್ಸ್ ಚಿತ್ರ ಒಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಡಂಬಳದ ಬಸ್ ಹತ್ತಿ. ಅವರು ನಿಂತ ಜಾಗ ಹುಡುಕಿ ಒಂದು ಫೋಟೋ ತೆಗೆದು, ಹಿಂದೆ ತಾರೀಖು ಬರೆದಿಡಿ. ಹಾಗೇ ನಿಮ್ಮ ಓಣಿಯ ಹಳೇ ಬಾವಿ, ಮಾಳಿಗೆ ಮನೆ, ಅಗಸಿ ಬಾಗಿಲು ಬೀಳುವ ಮೊದಲೇ ಅವುಗಳದ್ದೂ ಒಂದೊಂದು ತೆಗೆಯಿರಿ. ಬಿದ್ದ ಮೇಲೆ ಎಂಥ ಕ್ಯಾಮೆರಾ ತಂದರೂ ಅಲ್ಲಿ ಸಿಗುವುದು ಬಯಲಷ್ಟೇ.